ಬೀಗದಕ್ಕನ ಕಾವಲು

ಗುಡ್ಡದ ಮೇಲಿನ ಹಳೇ ಚರ್ಚನ್ನು ನೋಡಲು ಬರುವವರೆಲ್ಲ ಏನಾದರೂ ಕದಿಯಲೆಂದೇ ಇನ್ನೂರ ಹತ್ತು ಮೆಟ್ಟಿಲು ಹತ್ತುತ್ತಾರೆ ಎಂಬುದು ಬೀಗದಕ್ಕನ ಗಟ್ಟಿ ನಂಬಿಕೆ. ಅತ್ತೆಯ ಸೊಂಟದಿಂದ ತನ್ನ ಸೊಂಟಕ್ಕೆ ಬಂದ ಚರ್ಚಿನ ಬೀಗದ ಕೈಯನ್ನು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದವಳು ಆಕೆ. ಅದೊಂದಿಲ್ಲದಿದ್ದರೆ ತಾನು ಯಾರೂ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಾಗಿಲು ತೆಗೆದು ನೆಲ ಒರೆಸಿ, ಆಮೇಲೆ ಅದೇ ಬಟ್ಟೆ ಹಿಡಿದು ಬಂದವರ ಬೆನ್ನ ಹಿಂದೆಯೇ ಸುತ್ತುತ್ತಿದ್ದಳು. ಯಾರು ಎಲ್ಲಿ ನಿಂತರೂ ಅಲ್ಲೇ ಅವಳಿಗೆ ಧೂಳು ಕಾಣುತ್ತಿತ್ತು. "ನನ್ನ ಜೇಬನ್ನೂ ದಿನಾ ತಡಕಿ ನೋಡ್ತಾಳೆ" ಎಂದು ಗಂಡ ನೆಂಟರೆದುರು ನಗೆಯಾಡುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ವಾರ ಒಬ್ಬ ಕನ್ನಡಕದವನು ಮೂರು ದಿನ ಬಿಡದೆ ಬಂದ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವ ಕಣಿವೆಯತ್ತ ಅವನು ತಿರುಗಿಯೂ ನೋಡಲಿಲ್ಲ. ಬಾಗಿಲ ಅಗುಳಿ ಅಲುಗಿಸಿದ. ಗೋಡೆಯ ಗೂಡಿನಲ್ಲಿದ್ದ ಗೇಣುದ್ದದ ಮರದ ಮೂರ್ತಿಯನ್ನು, ಮಗುವನ್ನೆತ್ತಿಕೊಂಡ ತಾಯಿಯನ್ನು, ಕಣ್ಣಲ್ಲೇ ಅಳೆದು ಪುಸ್ತಕದಲ್ಲಿ ಏನೋ ಗೀಚಿಕೊಂಡ. "ನೀವು ಎಷ್ಟು ಹೊತ್ತಿಗೆ ಮನೆಗೆ ಹೋಗ್ತೀರಮ್ಮ?" ಎಂದು ಬೇರೆ ಕೇಳಿದ.

"ಹೋಗೋದೇ ಇಲ್ಲ" ಎಂದಳು ಬೀಗದಕ್ಕ.

ಫಾದರ್ ಹತ್ತಿರ ಹೇಳಿದರೆ ಅವರು ನಕ್ಕುಬಿಟ್ಟರು. "ಫೋಟೋ ತೆಗೆಸಿಕೊಳ್ಳೋಕೆ ಬಂದ ಮದುಮಗಳ ಮೇಲೂ ಹೀಗೇ ಅಂದಿದ್ರಲ್ಲ ಅಕ್ಕ!"

ಅವಳಿಗೆ ಮೈಯೆಲ್ಲ ಉರಿಯಿತು. ಈ ಹಸುವಿನಂಥ ಮನುಷ್ಯನನ್ನು ನೆಚ್ಚಿ ಕೂತರೆ ಚರ್ಚಿನಲ್ಲಿ ಗೋಡೆಯಷ್ಟೇ ಉಳಿದೀತು. ಆ ಸಂಜೆ ಬೀಗ ಹಾಕುವ ಮುಂಚೆ ಮೂರ್ತಿಯನ್ನು ಗಂಡನ ಸ್ವೆಟರಿನಲ್ಲಿ ಸುತ್ತಿ, ಮೆಟ್ಟಿಲ ಬುಡದ ತನ್ನ ಮನೆಗೆ ಒಯ್ದು, ಮಂಚದಡಿಯ ಟ್ರಂಕಿನಲ್ಲಿಟ್ಟಳು. ಗಂಡನಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕನ್ನಡಕದವನು ಫಾದರ್ ಜೊತೆಯಲ್ಲೇ ಬಂದ. ಹಳೇ ಕಟ್ಟಡಗಳ ಇಲಾಖೆಯವನಂತೆ. ಮೂರು ದಿನ ಪ್ರವಾಸಿಯ ಹಾಗೆ ಬಂದು ಕಾವಲು ಹೇಗಿದೆ ಎಂದು ನೋಡುವುದು, ನಾಲ್ಕನೆಯ ದಿನ ತಾನು ಯಾರೆಂದು ಹೇಳಿ ಸಾಮಾನು ಎಣಿಸುವುದು ಅವನ ಕ್ರಮ. ಅವನು ಒಪ್ಪಿದರೆ ಬೀಗದ ಕೈ ಅಕ್ಕನ ಬಳಿಯೇ ಉಳಿಯುತ್ತದೆ, ಇಲ್ಲವಾದರೆ ಪೇಟೆಯಿಂದ ಕಾವಲುಗಾರರು ಬರುತ್ತಾರೆ ಎಂದು ಫಾದರ್ ವಿವರಿಸಿದರು.

ಅಷ್ಟರಲ್ಲಿ ಅವನು ಖಾಲಿ ಗೂಡಿನ ಮುಂದೆ ನಿಂತಿದ್ದ. "ಬೀಗದ ಕೈ ಬೇರೆ ಯಾರ ಹತ್ರ ಇದೆ?"

"ನನ್ನ ಹತ್ರ ಮಾತ್ರ. ಮೂರ್ತೀನೂ ನನ್ನ ಹತ್ರಾನೇ ಇದೆ."

ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಮೂವರೂ ಇಳಿದು ಮನೆಗೆ ಬಂದರು. ಹಲ್ಲುಜ್ಜುತ್ತಿದ್ದ ಗಂಡ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟ. ಅವಳು ಟ್ರಂಕು ಎಳೆದು ಸ್ವೆಟರು ಬಿಚ್ಚಿದಳು. ಫಾದರ್ ಮೂರ್ತಿಯನ್ನು ನೋಡಿದರು, ಟ್ರಂಕನ್ನು ನೋಡಿದರು, ಅವಳ ಮುಖವನ್ನು ಮಾತ್ರ ನೋಡಲಿಲ್ಲ.

ಕನ್ನಡಕದವನು ತನ್ನ ಪುಸ್ತಕ ತೆರೆದು ತೋರಿಸಿದ. ನಿನ್ನೆಯೇ ಬರೆದಿಟ್ಟಿದ್ದ: ಕಾವಲಿನಾಕೆ ಪೂರ್ತಿ ನಂಬಿಕಸ್ಥೆ, ಬದಲಾಯಿಸುವುದು ಬೇಡ. "ಈಗ ಇದನ್ನೇನು ಮಾಡ್ಲಿ, ನೀವೇ ಹೇಳಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಬೀಗದಕ್ಕ ಆ ಸಾಲನ್ನು ಓದಿದಳು. ಆಮೇಲೆ ಹೇಳಿದಳು: "ಆ ಸಾಲನ್ನ ಹೊಡೆದುಹಾಕಿ ಸ್ವಾಮಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ, ನಾನೂ ನನ್ನನ್ನ ನಂಬ್ತಿರಲಿಲ್ಲ."