ಬಿಸಿನೀರಿನಲ್ಲಿ ನಿಂತ ಮೌಶಿ

ಮೊನ್ನೆ ಮಗಳು ಮೊಡವೆಗೆಂದು ಔಷಧಿ ಅಂಗಡಿಯಿಂದ ಹಳದಿ ಬಣ್ಣದ ಸೋಪೊಂದನ್ನು ತಂದಳು. ಗಂಧಕದ ಸೋಪು. ಬಚ್ಚಲಿಗೆ ಹೋಗಿ ಅದನ್ನು ಬಿಚ್ಚಿ ಬಿಸಿನೀರು ಸುರಿದುಕೊಂಡಿದ್ದೇ ತಡ, ವಾಸನೆ ಬಾಗಿಲ ಸಂದಿಯಿಂದ ನುಸುಳಿ ಅಡುಗೆಮನೆಯವರೆಗೂ ಬಂತು. ಬೆಂಕಿಕಡ್ಡಿ ಗೀರಿದ ವಾಸನೆ, ಕೊಳೆತ ತತ್ತಿಯ ವಾಸನೆ, ಎರಡೂ ಸೇರಿದ್ದು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ನೀರು ಎಷ್ಟು ಸುಡ್ತದ ನೋಡ್ಕೊಂಡಿಯೇನೇ?" ಎಂದು ಕೂಗಿದೆ.

"ದಿನಾ ಇರೋ ಗೀಸರ್ ನೀರೇ ಮಮ್ಮಿ, ಹೊಸಾದೇನಲ್ಲ" ಎಂದಳು ಒಳಗಿನಿಂದ.

ಹೊಸದಲ್ಲ, ನಿಜ. ಬಿಸಿನೀರೆಂದರೆ ನನ್ನ ಎದೆ ಡವಗುಟ್ಟುವುದೂ ಈ ಮನೆಗೆ ಹೊಸದಲ್ಲ...

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಬಿದ್ದರೆ ಕಿರುಚುವವಳು, ಬಸ್ಸು ಸ್ವಲ್ಪ ಜೋರಾಗಿ ಹೋದರೆ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುವವಳು. ಆದರೆ ಅವೆಲ್ಲ ಬಂದ ಹಾಗೆಯೇ ಹೋಗುವ ಭಯಗಳು. ಬಂದು ಮನೆಯವಳಾಗಿಯೇ ಉಳಿದ ಭಯ ಒಂದೇ. ಅದು ಬಂದದ್ದು ಪಕ್ಕದ ಮನೆಯ ಮೌಶಿಯ ಜೊತೆ ಹೋದ ಒಂದು ದಿನದ ಪ್ರವಾಸದಲ್ಲಿ.

ಜಹೀರಾಬಾದಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಂಗನವಾಡಿ ಕೆಲಸದಿಂದ ನಿವೃತ್ತರಾಗಿದ್ದರು, ಒಬ್ಬರೇ ಇದ್ದರು. ಸಣ್ಣವರು ದೊಡ್ಡವರು ಎನ್ನದೆ ಓಣಿಯ ಎಲ್ಲರಿಗೂ ಅವರು ಮೌಶಿ, ಅಂದರೆ ಚಿಕ್ಕಮ್ಮ. ಬಾಗಿಲು ದಾಟುತ್ತಿದ್ದಂತೆ ಎದುರಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಚಹಾದ ಒಲೆ. ಯಾರು ಬಂದರೂ ಮೊದಲು ಚಹಾ. ನನ್ನ ಅತ್ತೆ ಮಾತ್ರ ಹೊಸ್ತಿಲ ಹತ್ತಿರವೇ ನಿಂತು, "ಈಗಿನ್ನ ಕುಡದ ಬಂದೀನಿ" ಎನ್ನುತ್ತಿದ್ದರು. ವರ್ಷಗಟ್ಟಲೆ ಅತ್ತೆ ಈಗಿನ್ನ ಕುಡಿದೇ ಬರುತ್ತಿದ್ದರು. ಮೌಶಿಯೂ ವರ್ಷಗಟ್ಟಲೆ ಕೇಳುವುದನ್ನು ಬಿಡಲಿಲ್ಲ.

ಮೌಶಿಗೆ ಒಂದು ಹುಚ್ಚಿತ್ತು. ಚಳಿಗಾಲ ಬಂತೆಂದರೆ ತಮ್ಮನ ಮಗನ ತೂಫಾನ್ ಗಾಡಿಯಲ್ಲಿ ಓಣಿಯ ಹೆಂಗಸರನ್ನು ತುಂಬಿಕೊಂಡು ಕಲ್ಲು ತೋರಿಸಲು ಹೊರಡುತ್ತಿದ್ದರು. ಗುಡಿಯಲ್ಲ, ಜಾತ್ರೆಯಲ್ಲ... ಕಲ್ಲು! ಬೆಳಿಗ್ಗೆ ತಾಂಡೂರಿನ ಕಡೆಯ ಪರಸಿ ಹಾಸುಗಲ್ಲಿನ ಗಣಿಗಳು, ಮಧ್ಯಾಹ್ನ ಬಿಸಿನೀರಿನ ಸ್ನಾನ, ಸಂಜೆ ತಿರುಗಿ ಬರುವಾಗ ಕೆಂಪು ಕಲ್ಲಿನ ಗುಡ್ಡಗಳು. "ಕಲ್ಲು ನೋಡ್ಲಾಕ ಅಷ್ಟು ದೂರ ಯಾಕ, ಹಿತ್ತಲದಾಗೇ ಬಿದ್ದಾವಲ್ಲ" ಎಂದು ಗಂಡಸರು ನಗುತ್ತಿದ್ದರು. ಮೌಶಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮಂಡಿ ನೋವಿನವರು, ಸೊಂಟ ನೋವಿನವರು, ಮೆಟ್ಟಿಲು ಹತ್ತಲಾರದವರು, ಇವರೇ ಅವರ ಪ್ರವಾಸಿಗರು. ಯಾರನ್ನೂ ಅವಸರ ಮಾಡುತ್ತಿರಲಿಲ್ಲ. "ಸಾವಕಾಶ" ಎನ್ನುವುದು ಅವರ ಬಾಯಿಯಲ್ಲಿ ಸದಾ ಇರುವ ಮಾತು. ಗಾಡಿ ಹತ್ತುವವರಿಗೂ ಸಾವಕಾಶ, ಊಟ ಮಾಡುವವರಿಗೂ ಸಾವಕಾಶ.

ಆ ಸಲ ಅತ್ತೆಯೂ ಬರುತ್ತೇನೆಂದರು. ಮಂಡಿ ಹಿಡಿದುಕೊಂಡು ಸಾಕಾಗಿತ್ತು ಅವರಿಗೆ. ಬಿಸಿನೀರಿನಲ್ಲಿ ಒಂದಿಷ್ಟು ಕೂತರೆ ಹಗುರಾಗುತ್ತದೆಂದು ಯಾರೋ ಹೇಳಿದ್ದರು. ನನ್ನ ಗಂಡನಿಗೆ ಮನಸ್ಸಿರಲಿಲ್ಲ. "ಅವ್ವಗ ಬಿ.ಪಿ. ಅದ. ಭಾಳ ಹೊತ್ತು ನೀರಾಗ ಕೂಡಿಸಬ್ಯಾಡ" ಎಂದು ನನಗೆ ಹೇಳಿಯೇ ಕಳಿಸಿದರು. ಅಂದರೆ ಅವರ ಅವ್ವನನ್ನು ಹೇಗೆ ಒಯ್ಯುತ್ತೇನೋ ಹಾಗೆಯೇ ತಿರುಗಿ ತರುವ ಜವಾಬ್ದಾರಿ ನನ್ನದು. ಪುಕ್ಕಲಿಯ ಕೈಗೆ ಇದಕ್ಕಿಂತ ದೊಡ್ಡ ಗಂಟು ಬೇಕೆ?

ತಾಂಡೂರಿನ ಆಚೆ, ಕೆಲಸ ನಿಂತುಹೋದ ಒಂದು ಗಣಿಯ ಅಂಚಿನಲ್ಲಿ ಮೌಶಿ ನಮ್ಮನ್ನು ಇಳಿಸಿದರು. ಬಗ್ಗಿ ನೋಡಿದರೆ ಕಾಲು ಜುಮ್ಮೆನ್ನುವ ಆಳ. ಗೋಡೆಯ ತುಂಬ ನೀಲಿ, ಬೂದಿ, ಮಸುಕು ಹಳದಿ ಪದರಗಳು, ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳ ಹಾಗೆ. "ನಮ್ಮ ಪಡಸಾಲ್ಯಾಗ ಹಾಸೀವಲ್ಲ, ಅದು ಇಲ್ಲೀದೇ ನೋಡ್ರಿ. ಸಮುದ್ರದ ತಳಾ ಇತ್ತಂತ ಇದು ಒಂದಾನೊಂದು ಕಾಲಕ್ಕ" ಎಂದರು ಮೌಶಿ. ಹೆಂಗಸರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ನಾನು ಕಲ್ಲು ನೋಡಿದ್ದು ಅಷ್ಟಕ್ಕಷ್ಟೇ. ಅತ್ತೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. "ನಾನೇನು ಕರುವೇನ?" ಎಂದು ಅತ್ತೆ ಬೈದರು.

ಊಟ ಮುಗಿಸಿ ಬಿಸಿನೀರಿನ ಜಾಗಕ್ಕೆ ಹೋದೆವು. ಅದೂ ಹಳೆಯ ಗಣಿಯೇ. ಕಲ್ಲಿಗಾಗಿ ಆಳಕ್ಕೆ ಇಳಿದಾಗ ಬಿಸಿನೀರು ಬಂತಂತೆ, ಕಲ್ಲಿನವರು ಬಿಟ್ಟುಹೋದರಂತೆ. ಊರವರು ಅಲ್ಲಿಯ ಪರಸಿಗಳನ್ನೇ ಹಾಕಿ ತೊಟ್ಟಿಗಳನ್ನು ಕಟ್ಟಿದ್ದರು. ಮೇಲೆ ನೀರು ಹುಟ್ಟುವ ಸಣ್ಣ ತೊಟ್ಟಿ. ಮೊಣಕಾಲಷ್ಟೂ ಆಳವಿಲ್ಲ, ಆದರೆ ಕೈ ಇಡಲಾಗದ ಸುಡುನೀರು. ಅದರ ಮೂಲೆಯ ಒಂದು ಕಿಂಡಿಯಿಂದ ನೀರು ಬಂಡೆಯ ಸೀಳಿಗೆ ಇಳಿದು, ನೆಲದಡಿ ಎಲ್ಲೆಲ್ಲೋ ಸುತ್ತಿ, ಹದವಾಗಿ ಕೆಳಗಿನ ಸ್ನಾನದ ತೊಟ್ಟಿಗಳಿಗೆ ಬೀಳುತ್ತಿತ್ತು. ಹೆಂಗಸರ ತೊಟ್ಟಿಗೆ ತಗಡಿನ ಮರೆ ಇತ್ತು. ಗಂಧಕದ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು.

ಅತ್ತೆ ನೀರಿನಲ್ಲಿ ಕೂತರು. ಮುಖ ಅರಳಿತು. ಸ್ವಲ್ಪ ಹೊತ್ತಿಗೇ ನಾನು ಏಳಿಸಿ, ಒಣ ಸೀರೆ ಉಡಿಸಿ, ಇನ್ನೇನು ಗಂಡಾಂತರ ಕಳೆಯಿತೆಂದು ಉಸಿರು ಬಿಟ್ಟೆ. ನನ್ನ ಲೆಕ್ಕ ತಪ್ಪಿತ್ತು.

ಸ್ನಾನವಾದ ಮೇಲೆ ಲಿಂಗಪೂಜೆಯಾಗದೆ ಅತ್ತೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರಲ್ಲಿ ಚಿಕ್ಕಂದಿನಲ್ಲಿ ದೀಕ್ಷೆಯಾದಾಗ ಕಟ್ಟಿಸಿಕೊಂಡ ಇಷ್ಟಲಿಂಗ. ಅದನ್ನು ಅವರಲ್ಲದೆ ಬೇರೆ ಯಾರೂ ಮುಟ್ಟಿದ್ದಿಲ್ಲ, ಅವರ ಮಗನೂ ಇಲ್ಲ, ಸೊಸೆಯಾದ ನಾನಂತೂ ಇಲ್ಲವೇ ಇಲ್ಲ. ಲಿಂಗ ಕಳೆದುಕೊಂಡವರು ಮತ್ತೆ ಅನ್ನ ನೀರು ಮುಟ್ಟಬಾರದು ಎಂದು ಅವರ ಅವ್ವ ಕಲಿಸಿದ್ದರು. ಸ್ವಾಮಿಗಳ ಕೈಯಿಂದ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದೆಂದು ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅತ್ತೆ ಕೇಳಿದ್ದು ತಮ್ಮ ಅವ್ವನ ಮಾತನ್ನು.

ಮಿಂದ ತೊಟ್ಟಿಯ ನೀರು ಪೂಜೆಗೆ ಬಾರದಲ್ಲ. ನಾನು ಒದ್ದೆ ಬಟ್ಟೆ ಹಿಂಡುತ್ತಿದ್ದಾಗ ಅತ್ತೆ ಸಣ್ಣ ತಂಬಿಗೆ ಹಿಡಿದು ನೀರು ಹುಟ್ಟುವ ಮೇಲಿನ ತೊಟ್ಟಿಗೆ ಹೋಗಿದ್ದರು. ಅಂಚಿನಲ್ಲಿ ಕೂತು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು, ಎಷ್ಟು ಸುಡುತ್ತದೆಂದು ನೋಡದೆ ಆ ನೀರನ್ನೇ ಎರೆದರು. ನೀರು ಅಂಗೈ ಸುಟ್ಟಿತು. ಕೈ ಜಿಗಿದು ಲಿಂಗ ತೊಟ್ಟಿಗೆ ಬಿತ್ತು.

ಅವರು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಓಡಿಹೋಗಿ ನೋಡಿದರೆ ತಿಳಿಯಾದ ನೀರಿನ ತಳದಲ್ಲಿ, ಇಳಿಜಾರಾದ ಪರಸಿಯ ಮೇಲೆ, ಆ ಕಪ್ಪು ಲಿಂಗ ನಿಧಾನವಾಗಿ ಕಿಂಡಿಯ ಕಡೆಗೆ ಉರುಳುತ್ತಿತ್ತು. ಕಿಂಡಿಯೊಳಗೆ ಹೋದರೆ ಮುಗಿಯಿತು, ಬಂಡೆ ಒಡೆದರೂ ಸಿಗುವುದಿಲ್ಲ. ನನ್ನ ಕಾಲು ನೆಲಕ್ಕೆ ಅಂಟಿಹೋಯಿತು. ಅತ್ತೆಯನ್ನು ಕಳೆದುಕೊಂಡೇ ಮನೆಗೆ ಹೋಗಬೇಕೆಂದು ಆ ಕ್ಷಣಕ್ಕೆ ಖಚಿತವಾಗಿತ್ತು ನನಗೆ.

ಮೌಶಿ ಎಲ್ಲಿದ್ದರೋ, ಯಾವಾಗ ಬಂದರೋ. ಬೂಟು ಕಾಲುಚೀಲ ಕಳಚಿದ್ದರು. ಸೀರೆ ಎತ್ತಿ ಕಟ್ಟಿ ಆ ಸುಡುನೀರಿಗೆ ಇಳಿದೇಬಿಟ್ಟರು. ಕಿಂಡಿಗೆ ಬಲಗಾಲು ಅಡ್ಡವಿಟ್ಟರು. ಲಿಂಗ ಬಂದು ಅವರ ಹೆಬ್ಬೆರಳಿಗೆ ತಾಗಿ ನಿಂತಿತು. ಎತ್ತಿಕೊಡಲು ಬಗ್ಗಿದರು.

"ಮುಟ್ಟಬ್ಯಾಡ!" ಎಂದು ಅತ್ತೆ ಚೀರಿದರು.

ಮೌಶಿಯ ಕೈ ನೀರಿನ ಮೇಲೆ ಹಾಗೆಯೇ ನಿಂತಿತು. ಆ ಮಾತು ಯಾರ ಕೈಗಾದರೂ ಹೇಳುವ ಮಾತಾಗಿತ್ತೋ, ಮೌಶಿಯ ಕೈಗೆಂದೇ ಹೇಳಿದ್ದೋ... ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ. ಮೌಶಿಗೆ ಏನನ್ನಿಸಿತೋ ಅದೂ ಗೊತ್ತಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಕಾಲು ತೆಗೆಯಲಿಲ್ಲ.

"ಮುಟ್ಟಲ್ಲ ಅಕ್ಕಾರ. ನಿಮ್ದು ನೀವೇ ತಗೋರಿ. ಕಾಲು ಹಚ್ಚೀನಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದರು. "ಜಾರ್ತದ ಇಲ್ಲಿ. ಸಾವಕಾಶ ಬರ್ರಿ."

ಕಿಂಡಿ ಇದ್ದದ್ದು ತೊಟ್ಟಿಯ ಆಚೆ ತುದಿಯಲ್ಲಿ. ಪಾಚಿಗಟ್ಟಿದ ಅಂಚು, ಅತ್ತೆಯ ಮಂಡಿ, ಉಟ್ಟ ಸೀರೆ ಕಾಲಿಗೆ ತೊಡರುತ್ತಿತ್ತು. ನಾನು ಅವರ ಸೊಂಟ ಹಿಡಿದು ಒಂದೊಂದೇ ಹೆಜ್ಜೆ ಇಡಿಸಿದೆ. ಎಲ್ಲಿ ಜಾರಿ ಇಬ್ಬರೂ ಆ ನೀರಿಗೆ ಬೀಳುತ್ತೇವೋ ಎಂದು ಪ್ರತಿ ಹೆಜ್ಜೆಗೂ ಹೆದರುತ್ತಿದ್ದೆ. ಆವಿಯ ನಡುವೆ ಮೌಶಿಯ ಮುಖ ಕಾಣುತ್ತಿತ್ತು. ಅಲ್ಲಿ ನೋವಿನ ಸುಳಿವೇ ಇರಲಿಲ್ಲ. ಅದನ್ನು ಕಂಡು ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

"ಸುಡ್ತಿಲ್ಲೇನ್ರಿ ಮೌಶಿ?" ಎಂದೆ.

"ಏನೂ ಸುಡವಲ್ದು ಬೇಟಾ. ಸಕ್ಕರಿ ಬ್ಯಾನಿ ಬಂದಾಗಿಂದ ಈ ಕಾಲಿಗಿ ಖಬರೇ ಇಲ್ಲ" ಎಂದು ನಕ್ಕರು.

ಅತ್ತೆ ಅಂಚಿನಲ್ಲಿ ಮಂಡಿಯೂರಿದರು. ನಾನು ಎರಡೂ ಕೈಯಿಂದ ಅವರನ್ನು ತಬ್ಬಿ ಹಿಡಿದೆ. ಟವೆಲು ಸುತ್ತಿದ ಕೈಯನ್ನು ನೀರಿಗೆ ಹಾಕಲು ಅವರು ಎಷ್ಟು ಬಗ್ಗಬೇಕಾಯಿತೆಂದರೆ ಹಣೆ ಮೌಶಿಯ ಮೊಣಕಾಲಿಗೆ ತಾಗಿತು. ಮೌಶಿ ಅವರ ಭುಜ ಹಿಡಿದು ಆನಿಸಿಕೊಂಡರು. ಲಿಂಗ ಸಿಕ್ಕಿತು. ಅದನ್ನು ಎದೆಗೊತ್ತಿಕೊಂಡು ಅತ್ತೆ ಅಲ್ಲೇ ಕೂತು ಮಕ್ಕಳ ಹಾಗೆ ಅತ್ತರು. ನನಗೂ ಅಳು ಬಂತು. ಮೌಶಿ ಮಾತ್ರ ಮೇಲೆ ಬಂದು, ಕಾಲು ಒರೆಸಿಕೊಂಡು, ಕಾಲುಚೀಲ ಏರಿಸಿ, ಉಳಿದವರಿಗೆ ಗಾಡಿ ಹತ್ತಲು ಹೇಳಿದರು. ಆ ಕಾಲು ಕೆಂಪಗೆ ಹೊಳೆಯುತ್ತಿದ್ದುದನ್ನು ನಾನು ನೋಡಿದೆ. ನೋಡಿದ್ದೇ ತಪ್ಪು ಎನ್ನುವಂತೆ ಅವರು ಚೀಲ ಇನ್ನೂ ಮೇಲಕ್ಕೆ ಎಳೆದುಕೊಂಡರು.

ತಿರುಗಿ ಬರುವಾಗ ಕೆಂಪು ಕಲ್ಲಿನ ಗುಡ್ಡದ ಹತ್ತಿರ ಗಾಡಿ ನಿಲ್ಲಿಸಿ, ಇಳಿಬಿಸಿಲಿನಲ್ಲಿ ಆ ಕಲ್ಲು ಹೇಗೆ ಕಾಣುತ್ತದೆಂದು ತೋರಿಸಿದರು. ತಾವು ಮಾತ್ರ ಸೀಟಿನಿಂದ ಇಳಿಯಲಿಲ್ಲ.

ಮರುದಿನ ಬೊಬ್ಬೆ ಎದ್ದಿತ್ತು. ಒಡೆಯಿತು. ಮಾಯಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಂತಹದೆಂದು ನನಗೆ ಗೊತ್ತಾದದ್ದು ಆಗ. ದಿನವೂ ಗೋಡೆಯ ಆಚೆಯ ಸದ್ದಿಗೆ ಕಿವಿ ಕೊಡುತ್ತಿದ್ದೆ. ಅವರು ಎದ್ದರೇ, ನಡೆದರೇ, ಪಾತ್ರೆ ಸಪ್ಪಳವಾಯಿತೇ... ಸದ್ದು ತಡವಾದರೆ ಹೋಗಿ ಅವರ ಬಾಗಿಲು ತಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಹಿತ್ತಾಳೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ತಮ್ಮ ಮೊಣಕೈ ಅದ್ದಿ ನೋಡಿ, ಪಕ್ಕದ ಮನೆಗೆ ಹೊರಟರು. ನಾನು ಹಿಂದೆಯೇ ಹೋದೆ. ಹೊಸ್ತಿಲು ದಾಟಿ ಒಳಗೆ ಹೋಗಿ ನೆಲದ ಮೇಲೆ ಕೂತರು. ಮೌಶಿಯ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಿ ಬಿಚ್ಚತೊಡಗಿದರು. ನಮ್ಮ ಮನೆಗೆ ಸ್ವಾಮಿಗಳು ಬಂದಾಗ ಪಾದ ತೊಳೆಯಲು ತೆಗೆಯುತ್ತಿದ್ದ ಬೋಗುಣಿ ಅದು.

"ಅಕ್ಕಾರ, ಕಾಲು ಮುಟ್ಟಬ್ಯಾಡ್ರಿ" ಎಂದರು ಮೌಶಿ ಗಾಬರಿಯಿಂದ.

"ಸುಮ್ಮ ಕೂಡು" ಎಂದರು ಅತ್ತೆ. ತೊಳೆದರು, ಒರೆಸಿದರು, ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಿಂತು ಏನ್ ನೋಡ್ತಿ? ಆಕಿ ಒಲಿ ಮ್ಯಾಲೇ ಚಾ ಇಡು. ನನಗೂ" ಎಂದರು.

ಚಳಿಗಾಲ ಮುಗಿಯುವವರೆಗೂ ಅತ್ತೆ ಅದನ್ನು ತಪ್ಪಿಸಲಿಲ್ಲ. ಆದರೂ ಬೆರಳು ಕಪ್ಪಾಯಿತು. ಹೈದರಾಬಾದಿನಲ್ಲಿ ಪಾದ ತೆಗೆಯಬೇಕಾಯಿತು. ಮಳೆಗಾಲ ಬರುವ ಮೊದಲೇ ಮೌಶಿ ಹೋದರು. ಆಮೇಲೆ ಕಲ್ಲು ನೋಡಲು ನಮ್ಮ ಓಣಿಯಿಂದ ಯಾವ ಗಾಡಿಯೂ ಹೊರಡಲಿಲ್ಲ. ಪಕ್ಕದ ಮನೆಗೆ ಬೇರೆಯವರು ಬಂದರು, ಒಳ್ಳೆಯವರೇ. ಗೋಡೆಯ ಆಚೆ ಸದ್ದಾದರೆ ನಾನು ಈಗಲೂ ತಲೆ ಎತ್ತುತ್ತೇನೆ.

ಲಿಂಗದ ಮೇಲಿನ ಕಪ್ಪು ಲೇಪ ಆ ದಿನ ಸುಡುನೀರಿಗೆ ಮೆತ್ತಗಾಗಿತ್ತು. ಒಂದು ಮಗ್ಗುಲಿಗೆ, ಮೌಶಿಯ ಹೆಬ್ಬೆರಳು ತಾಗಿದ ಕಡೆ, ಸಣ್ಣ ತಗ್ಗು ಬಿದ್ದಿದೆ. ಹೊಸ ಲೇಪ ಹಾಕಿಸಿಕೊಡುತ್ತೇವೆಂದು ಸ್ವಾಮಿಗಳು ಹೇಳಿದಾಗ ಅತ್ತೆ ಬೇಡವೆಂದರು. ಪೂಜೆಗೆ ಕೂತಾಗ ಅವರ ಬೆರಳು ಆ ತಗ್ಗಿನ ಮೇಲೆಯೇ ಇರುತ್ತದೆ. ಈಗ ಅತ್ತೆಗೆ ಮರೆವು ಹೆಚ್ಚಾಗಿದೆ. ಮೊಮ್ಮಗಳ ಹೆಸರು ಒಮ್ಮೊಮ್ಮೆ ಸಿಗುವುದಿಲ್ಲ, ಉಂಡದ್ದು ನೆನಪಿರುವುದಿಲ್ಲ. ಆ ಬೆರಳು ಮಾತ್ರ ತನ್ನ ಜಾಗವನ್ನು ಮರೆತಿಲ್ಲ.

ಮೊನ್ನೆ ಆ ಸೋಪಿನ ವಾಸನೆ ಪಡಸಾಲೆಗೂ ಹೋಗಿರಬೇಕು. ಪೂಜೆಗೆ ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು:

"ಮೌಶಿ ಬಂದಾಳೇನ? ಹೊರಗ ನಿಂದ್ರಿಸಬ್ಯಾಡ, ಒಳಗ ಕರಿ. ಚಾ ಇಡು."

ಮೌಶಿ ಇಲ್ಲ ಎಂದು ಹೇಳಬೇಕೆಂದು ಪಡಸಾಲೆಯ ಬಾಗಿಲವರೆಗೆ ಹೋದೆ. ಅತ್ತೆ ಬೀದಿಬಾಗಿಲ ಕಡೆಗೇ ನೋಡುತ್ತಿದ್ದರು. ಹೇಳಲು ನನಗೆ ಹೆದರಿಕೆಯಾಯಿತು... ಒಳಗೆ ಬಂದು ಚಹಾಕ್ಕೆ ನೀರಿಟ್ಟೆ.