ಮಿಕ್ಕ ಎರಡು ಗ್ರಾಂ

ಗುನ್ವೋರ್ ಮಹಾ ಜಿಪುಣಿ ಎಂದೇ ನಾರ್ವೆಯ ಒಂದು ಪುಟ್ಟ ಊರಿನ ಹೈಸ್ಕೂಲು ಹೆಡ್‌ಮಾಸ್ಟರ್ ಹಾಲ್ವಾರ್ ಬಹಳ ದಿನ ನಂಬಿದ್ದ. ರಸಾಯನಶಾಸ್ತ್ರದ ಈ ಮೇಡಂ ಮಕ್ಕಳಿಂದ ಸೋಸುವ ಕಾಗದವನ್ನೂ ಕೆರೆಸಿ ತೂಗಿಸುತ್ತಿದ್ದಳು. ಎಲ್ಲರೂ ಹೋದ ಮೇಲೆ ಪ್ರಯೋಗದ ಹೊಗೆಯನ್ನು ಫ್ಯಾನಿನಿಂದ ಹೊರಗೆಳೆಯುವ ಗೂಡಿಗೆ ಕಿವಿಯಿಟ್ಟು, ಒಳಗೆ ಯಾರೋ ಉಸಿರಾಡುತ್ತಿರುವಂತೆ ಆಲಿಸುತ್ತಿದ್ದಳು. ಫ್ಯಾನು ಸುಮ್ಮನೆ ಓಡುತ್ತಿದೆಯೇನೋ ಎಂಬ ಕರೆಂಟಿನ ಚಿಂತೆ ಅದೆಂದು ಹಾಲ್ವಾರ್ ಒಳಗೊಳಗೇ ಮೆಚ್ಚಿಕೊಂಡಿದ್ದ.

ಮೂರು ಗಂಟೆಗೇ ಕತ್ತಲಾದ ಒಂದು ಚಳಿಗಾಲದ ಮಧ್ಯಾಹ್ನ ಸುನ್ನಿವಾ ಎಂಬ ವಿದ್ಯಾರ್ಥಿನಿ ಅಳುತ್ತಾ ಅವನ ಬಳಿ ಬಂದಳು. ಆಸ್ಪಿರಿನ್ ತಯಾರಿಸುವ ಪ್ರಯೋಗದಲ್ಲಿ ಲೆಕ್ಕದಂತೆ ಹತ್ತು ಗ್ರಾಂ ಬರಬೇಕಿತ್ತು, ಅವಳಿಗೆ ಎಂಟು ಬಂದಿತ್ತು. ಇಳುವರಿ ಶೇಕಡಾ ಎಂಬತ್ತು ಎಂದು ಸರಿಯಾಗಿಯೇ ಬರೆದಿದ್ದಳು. ಆದರೂ ಗುನ್ವೋರ್ ಪಾಸು ಮಾಡಿರಲಿಲ್ಲ. ಅಂಕ ಕಳಿಸಲು ಅಂದೇ ಕಡೆಯ ದಿನ.

ಹಾಲ್ವಾರ್ ಸ್ವೆಟರ್ ಎಳೆದು ಸರಿಮಾಡಿಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ಪ್ರಯೋಗಾಲಯಕ್ಕೆ ನಡೆದ.

"ಎಂಬತ್ತು ಬಂದಿದೆಯಲ್ಲ ಗುನ್ವೋರ್, ಇನ್ನೇನ್ರೀ ಬೇಕು?"

"ಮಿಕ್ಕ ಎರಡು ಗ್ರಾಂ ಎಲ್ಲಿ ಹೋಯ್ತು ಅಂತ ಬರೀಲಿ. ನೀರಲ್ಲಿ ಕರಗ್ತೋ, ಕಾಗದಕ್ಕೆ ಅಂಟ್ಕೊಂಡ್ತೋ. ಬರೆದ್ರೆ ಈಗ್ಲೇ ಪಾಸು."

"ಅಯ್ಯೋ, ಎಲ್ಲೋ ಹೋಗಿರತ್ತೆ ಬಿಡಿ! ಕಳೆದುಹೋದ ಎರಡು ಗ್ರಾಂ ಯಾರಿಗೇನು ಮಾಡತ್ತೆ?"

ಗುನ್ವೋರ್ ಅವನತ್ತ ತಿರುಗಿದಳು.

"ನಾನೂ ನನ್ನ ಗಂಡನೂ ಬಣ್ಣದ ಕಾರ್ಖಾನೇಲಿದ್ದಾಗ ಮ್ಯಾನೇಜರೂ ಹೀಗೇ ಅಂದಿದ್ದ. ಅಲ್ಲಿ ಲೆಕ್ಕಕ್ಕೆ ಸಿಗದೆ ಗಾಳೀಲಿ ಕಳೆದ ಪುಡಿಯೆಲ್ಲ ಆಮೇಲೆ ನನ್ನ ಗಂಡನ ಎದೆಯೊಳಗೆ ಸಿಕ್ತು."