ಓದೋರು ಯಾರು?

ಗಿರಿಜಮ್ಮ ಟೀಚರು ಟಪಾಲು ಡಬ್ಬಿಗೆ ಕಾಗದ ಹಾಕುವುದನ್ನು ನೋಡಬೇಕಿತ್ತು. ಕಾಗದ ಮುಕ್ಕಾಲು ಭಾಗ ಒಳಗೆ ಹೋಗಿರುತ್ತಿತ್ತು, ಬೆರಳು ಮಾತ್ರ ಬಿಡುತ್ತಿರಲಿಲ್ಲ. ಹಿಂದೆ ನಿಂತವರು "ಬಿಡ್ರಿ ಟೀಚರೇ, ಡಬ್ಬಿ ಏನ್ ಕಚ್ಚಲ್ಲ" ಎಂದು ನಕ್ಕರೆ, "ಇರ್ರಿ, 'ಬೇಗ ಬಾ' ಅಂತ ಬರ್ದುಬಿಟ್ಟೀನಿ. ಓದಿ ಹೆದರ್ಕೊಂಡ್ರೆ ಏನ್ ಮಾಡಾದು?" ಅನ್ನುತ್ತಿದ್ದರು. ಎಷ್ಟೋ ಸಲ ಕಾಗದವನ್ನು ವಾಪಸು ಎಳೆದುಕೊಂಡು ಮನೆಗೆ ನಡೆದದ್ದೂ ಉಂಟು. ಅಂಥ ಪುಕ್ಕಲು ಜೀವ.

ಹೊನ್ನಾಳಿಯಲ್ಲಿ ನಮ್ಮ ಎದುರುಮನೆಯೇ ಅವರದು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಜೆಯಾದರೆ ಬೀದಿಯ ಕಾಗದಪತ್ರವೆಲ್ಲ ಅವರ ಜಗಲಿಗೆ ಬರುತ್ತಿತ್ತು. ಬಂದವರು "ನಮ್ಮ ಅಣ್ಣಂಗೆ ಒಂದು ಕಾಗದ ಬರ್ದುಕೊಡ್ರಿ" ಅಂದರೆ ಟೀಚರು ಪೆನ್ನು ತೆಗೆಯುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಓದೋರು ಯಾರು?"

ಇದೆಂಥ ಪ್ರಶ್ನೆ, ಅಣ್ಣನಿಗೆ ಬರೆದದ್ದನ್ನು ಅಣ್ಣನೇ ತಾನೆ ಓದುವುದು ಅಂತ ನಾನೂ ಗೊಣಗಿದ್ದೆ. ಆಮೇಲೆ ಸೂರಗೊಂಡನಕೊಪ್ಪದ ಕಡೆಯ ಸೀತಾಬಾಯಿ ಬಂದಳು. ಕಬ್ಬು ಕಡಿಯಲು ಹೋದ ಗಂಡ ಹಬ್ಬಕ್ಕೂ ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬರೆಸುವ ಸಿಟ್ಟಿನಲ್ಲಿದ್ದಳು.

"ನಿನ್ ಗಂಡಂಗೆ ಓದಾಕೆ ಬರ್ತೈತಾ?" ಎಂದರು ಟೀಚರು.

"ಎಲ್ಲಿ ಬರ್ತೈತ್ರಿ. ಅಲ್ಲಿ ಮೇಸ್ತ್ರಿ ಓದಿ ಹೇಳ್ತಾನೆ, ಎಲ್ಲಾರೂ ಕೂತ್ಕೊಂಡು ಕೇಳ್ತಾರೆ."

"ಹಂಗಾದ್ರೆ ಈ ಬೈಗುಳನೆಲ್ಲ ಮೇಸ್ತ್ರಿ ಬಾಯಿಂದ ಬೈಸ್ಬೇಕಾ? ನಿನ್ ಗಂಡಂಗೆ ಊರ ನೆಪ್ಪು ಬರಾದಿಲ್ಲ, ಸಿಟ್ಟು ಬರ್ತೈತೆ."

ಅವರು ಬರೆದದ್ದು ಇಷ್ಟೇ: ಮಗಳು ನಡೆಯುವುದನ್ನು ಕಲಿತಿದ್ದಾಳೆ, ಮೀಸೆ ಇದ್ದವರು ಯಾರು ಬಂದರೂ ಅಪ್ಪ ಅಂತ ಓಡಿಹೋಗುತ್ತಾಳೆ. ಮೇಸ್ತ್ರಿ ಅದನ್ನು ಎರಡು ಸಲ ಓದಿದನಂತೆ. ಸೀತಾಬಾಯಿಯ ಗಂಡ ಮುಂದಿನ ಸಂತೆಯ ಹೊತ್ತಿಗೆ ಊರಲ್ಲಿದ್ದ.

ಅದೇ ಟೀಚರು ಕಚೇರಿಗೆ ಬರೆಯುವಾಗ ಬೇರೆಯೇ ಮನುಷ್ಯರಾಗುತ್ತಿದ್ದರು. ನಮ್ಮ ಬೀದಿಯ ನಲ್ಲಿಗಾಗಿ ನಾನು "ಜೀವಜಲವಿಲ್ಲದೆ ಬಸವಳಿದಿರುವ ತಾಯಂದಿರ ಕಣ್ಣೀರು" ಅಂತೆಲ್ಲ ಎರಡು ಪುಟ ಗೀಚಿ ಹೆಮ್ಮೆಯಿಂದ ತೋರಿಸಿದೆ. "ಚೆನ್ನಾಗೈತೆ ಕಣೇ. ಭಾಷಣಕ್ಕೆ ಇಟ್ಕೋ" ಎಂದರು. "ಆ ಸಾಹೇಬ್ರ ಟೇಬಲ್ ಮೇಲೆ ಇಂಥವು ರಾಶಿ ಇರ್ತಾವೆ. ಯಾವ ಬೀದಿ, ಏನು ಕೆಟ್ಟೈತೆ, ಏನು ಮಾಡ್ಬೇಕು. ಮೂರು ಸಾಲು. ಕಣ್ಣೀರು ನಮ್ಮ ಹತ್ರನೇ ಇರ್ಲಿ." ನನಗೆ ಮೈಯೆಲ್ಲ ಉರಿಯಿತು. ನಲ್ಲಿ ಮಾತ್ರ ಬಂತು.

ಅಪ್ಪಾಜಿಗೆ ಲಕ್ವ ಹೊಡೆದ ವರ್ಷ ನಾನು ಟೀಚರ್ ಟ್ರೈನಿಂಗ್ ಮುಗಿಸಿ ಮನೆಯಲ್ಲಿದ್ದೆ. ಬಲಗಡೆ ಪೂರಾ ಬಿದ್ದುಹೋಗಿ, ನಾಲಿಗೆ ತೊದಲುತ್ತಿತ್ತು. ತೊದಲಿನಲ್ಲೂ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಸುಶೀಲಕ್ಕನ ಹೆಸರು. ಡಾಕ್ಟರು ಹೊರಗೆ ಕರೆದು, "ಕರೆಸೋರಿದ್ರೆ ಬೇಗ ಕರೆಸ್ಕೊಳ್ರಿ" ಎಂದರು.

ಅಕ್ಕನನ್ನು ಕೊಟ್ಟಿದ್ದು ಜಗಳೂರಿನ ಹತ್ತಿರದ ಹಳ್ಳಿಗೆ. ಚೊಚ್ಚಲ ಬಸುರಿ. ಸೋದರಮಾವ ಆಗಲೇ ಚಪ್ಪಲಿ ಮೆಟ್ಟಿಕೊಂಡು ತಂತಿ ಕೊಡಲು ಹೊರಟಿದ್ದ: ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ. ಗಿರಿಜಮ್ಮ ಟೀಚರು ಬಾಗಿಲಲ್ಲೇ ತಡೆದರು.

"ಬ್ಯಾಡ್ರಿ. ಸೀರಿಯಸ್ ಅಂದ್ರೆ ಹೋಗೇಬಿಟ್ರು ಅಂತ ಈ ಸೀಮೆಗೆಲ್ಲ ಗೊತ್ತು. ಸತ್ತ ಮೇಲೇ ಎಲ್ಲಾರೂ ಹಂಗೆ ತಂತಿ ಕೊಡಾದು. ಬಸುರಿ ಹೆಣ್ಮಗಳನ್ನ ಸಾವಿನ ಮನೆಗೆ ಆ ಅತ್ತೆ ಕಳಿಸ್ತಾರಾ?"

ಮಾವ ಮೆಟ್ಟಿದ ಚಪ್ಪಲಿ ಬಿಟ್ಟ. ಖುದ್ದು ಹೋಗಿ ಕರೆತರೋಣವೆಂದರೆ, ಹೇಳದೆ ಕೇಳದೆ ತವರಿನ ಗಂಡಸು ಬಾಗಿಲಿಗೆ ಬಂದು ನಿಂತರೆ ಅದಕ್ಕಿಂತ ದೊಡ್ಡ ಸಾವಿನ ಸುದ್ದಿ ಬೇರೆ ಬೇಕೆ? ಟಪಾಲಿನಲ್ಲಿ ಸಮಾಧಾನವಾಗಿ ಬರೆದರೆ ಅವರೂ ಸಮಾಧಾನವಾಗಿಯೇ ಬರುತ್ತಾರೆ. ಅಮ್ಮ ಒಲೆ ಮುಂದೆ ಕೂತು ಅಳುತ್ತಿದ್ದಳು. ಅಪ್ಪಾಜಿ ಬದುಕಿದ್ದಾರೆ ಅನ್ನುವ ನಿಜವನ್ನು ನಂಬಿಸಲು ನಮ್ಮಲ್ಲಿ ಒಂದು ಮಾತೂ ಇರಲಿಲ್ಲ.

ಟೀಚರು ಅಪ್ಪಾಜಿಯ ಹಾಸಿಗೆಯ ಪಕ್ಕ ಕೂತರು. "ಅಣ್ಣಾ, ನಿಮ್ಮ ಬೀಗರಿಗೆ ತಂತಿ ಕೊಡ್ಬೇಕು. ನೀವಾಗಿದ್ರೆ ಏನ್ ಬರೀತಿದ್ರಿ?"

ಅಪ್ಪಾಜಿಯ ಸೊಟ್ಟಗಾಗಿದ್ದ ಬಾಯಿ ನಗುವಿಗೆ ಇನ್ನಷ್ಟು ಸೊಟ್ಟಗಾಯಿತು. "ಶೇಂ... ಗಾ" ಎಂದರು.

ಮದುವೆ ಮಾತುಕತೆಯ ದಿನ ಬೀಗರಾದ ತಿಪ್ಪೇರುದ್ರಪ್ಪನವರು, ನಮ್ಮ ಹೊಲದ ಶೇಂಗಾ ಒಂದು ಮೂಟೆ ಕಳಿಸ್ತೀನಿ, ತಿಂದು ನೋಡ್ರಿ ಅಂದಿದ್ದರು. ಮೂಟೆ ಬರಲೇ ಇಲ್ಲ. ಅವತ್ತಿನಿಂದ ಅಪ್ಪಾಜಿ ಅವರಿಗೆ ಬರೆದ ಯಾವ ಕಾಗದವೂ ಶೇಂಗಾದ ಕೊಂಕಿಲ್ಲದೆ ಹೋದದ್ದಿಲ್ಲ.

ಟೀಚರು ಅಪ್ಪಾಜಿಯ ಹೆಸರಲ್ಲೇ ತಂತಿ ಬರೆದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಶೇಂಗಾ ಮೂಟೆ ಇನ್ನೂ ಬಂದಿಲ್ಲ. ನನಗೆ ಮೈ ಸರಿಯಿಲ್ಲ. ನಾಳೆಯೇ ಸೊಸೆಯ ಜೊತೆ ಹೊತ್ತು ತನ್ನಿ.

"ತಲೆ ಕೆಟ್ಟೈತಾ ನಿಮಗೆ?" ಎಂದು ಮಾವ ಕೂಗಾಡಿದ. "ಇಂಥ ಹೊತ್ತಲ್ಲಿ ಕುಚೇಷ್ಟೆನಾ? ಬೀಗರು ಸಿಟ್ಟಾಗಿ ಕೂತ್ರೆ ಯಾರು ಹೊಣೆ?" ಟೀಚರು ನನ್ನನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೊರಟರು. ಅಲ್ಲಿನ ಗುಮಾಸ್ತರು ಓದಿ ನಮ್ಮಿಬ್ಬರ ಮುಖ ನೋಡಿದರು. ಫಾರಂ ಕೊಟ್ಟ ಮೇಲೂ ಟೀಚರು ಅದರ ತುದಿ ಹಿಡಿದುಕೊಂಡೇ ಇದ್ದರು. ನಾನೇ ಅವರ ಬೆರಳು ಬಿಡಿಸಿದೆ.

ಮರುದಿನ ಬೆಳಗಿನಿಂದ ಹರಿಹರದ ಕಡೆಯಿಂದ ಬರುವ ಒಂದೊಂದು ಬಸ್ಸಿಗೂ ನಾನು ಎದ್ದು ಬೀದಿಗೆ ಓಡುತ್ತಿದ್ದೆ. ಟೀಚರು ಶಾಲೆಗೆ ರಜೆ ಹಾಕಿ ನಮ್ಮ ಕಟ್ಟೆಯ ಮೇಲೆ ಕೂತು ಸೆರಗಿನ ತುದಿ ಕಚ್ಚುತ್ತಿದ್ದರು. "ಮೈ ಸರಿಯಿಲ್ಲ ಅನ್ನಾದನ್ನ ಮೊದ್ಲು ಹಾಕ್ಬೇಕಿತ್ತೇನೋ. ತಮಾಷೆ ಅಂತ ಸುಮ್ನಾದ್ರೆ? ಅಯ್ಯೋ ಶಿವನೇ, ಏನ್ ಬರ್ದುಬಿಟ್ಟೆ." ಮಧ್ಯಾಹ್ನದ ಬಸ್ಸೂ ಖಾಲಿ ಬಂತು. ಒಳಗೆ ಅಪ್ಪಾಜಿ ಕಣ್ಣು ಮುಚ್ಚಿಕೊಂಡೇ ಇದ್ದರು. ನನಗಂತೂ ಟೀಚರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅಪ್ಪಾಜಿ ಸತ್ತರೆ, ಈ ಶೇಂಗಾ ತಂತಿಯಿಂದಲೇ ಅಕ್ಕನಿಗೆ ಅವರ ಮುಖ ನೋಡುವುದು ತಪ್ಪಿತು ಅಂತ ಜನ್ಮವಿಡೀ ಅನ್ನಬೇಕಾಗುತ್ತದೆ ಅಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಬಸ್ಸಿನಿಂದ ಅಕ್ಕ ಇಳಿದಳು. ಹಿಂದೆ ತಲೆಯ ಮೇಲೆ ಮೂಟೆ ಹೊತ್ತು ಬೀಗರು.

"ತಗೊಳ್ರಿ ನಿಮ್ಮ ಶೇಂಗಾ" ಎಂದು ಬೀದಿಯಿಂದಲೇ ಕೂಗುತ್ತ ಬಂದರು. "ತಂತಿ ಅಂದ ಕೂಡ್ಲೆ ಮನೆಯಾಗೆಲ್ಲ ಗೋಳೋ ಅಂತ ಅತ್ರು. ಓದಿಸಿದ ಮೇಲೆ ನಮ್ಮಾಕೆನೇ ಅಂದ್ಲು, ಸತ್ತ ಮನೆಯಾಗೆ ಯಾರೂ ಶೇಂಗಾ ಕೇಳಲ್ಲ, ಮನುಷ್ಯ ಇದಾನೆ, ಹುಡುಗೀನ ಕರ್ಕೊಂಡ್ ಹೋಗ್ರಿ ಅಂತ." ಒಳಗೆ ಬಂದು ಹಾಸಿಗೆ ನೋಡಿದವರು ಮೂಟೆ ಇಳಿಸುವುದನ್ನೂ ಮರೆತು ನಿಂತರು. ಅಪ್ಪಾಜಿ ಎಡಗೈ ಎತ್ತಿ ಅಕ್ಕನ ಕೆನ್ನೆ ಮುಟ್ಟಿದರು.

ಅಪ್ಪಾಜಿ ಆಮೇಲೆ ಒಂದು ವಾರವೂ ಇರಲಿಲ್ಲ. ಅವರು ತೀರಿಕೊಂಡ ದಿನ, ಬಸುರಿ ಸಾವಿನ ಮನೆಯಲ್ಲಿರಬಾರದು ಅಂತ ಅಕ್ಕನನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿಕೊಂಡವರು ಟೀಚರೇ. ಇಷ್ಟಾದರೂ ಅವರಿಗೆ ನೆಮ್ಮದಿಯಿಲ್ಲ. "ಬೀಗರಿಗೆ ಮೋಸ ಮಾಡಿದಂಗಾತೇನೋ" ಅಂತ ವರ್ಷಗಟ್ಟಲೆ ಕೊರಗಿದರು.

ನನಗೆ ಸಂತೇಬೆನ್ನೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಟೀಚರು ರಿಟೈರಾಗಿ ನ್ಯಾಮತಿಯಲ್ಲಿ ತಮ್ಮನ ಮಗನ ಮನೆ ಸೇರಿದರು. ಕೊನೆಯ ಸಲ ಹೋದಾಗ ವಯಸ್ಸಿನಿಂದ ಅವರ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. "ಇನ್ಮೇಲೆ ನಿಂಗೆ ಕಾಗದ ಬರಾದಿಲ್ಲ ಕಣೇ. ಇವನ ಕೈಲಿ ಬರೆಸಾಕೆ ನಂಗಿಷ್ಟ ಇಲ್ಲ, ಎಲ್ಲಾದಕ್ಕೂ ಅರ್ಜಿ ಬರೆದಂಗೆ ಬರೀತಾನೆ" ಎಂದು ಅವನೆದುರಿಗೇ ಅಂದರು. ಅವನೂ ನಕ್ಕ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ಪಾಠ ಮಾಡುತ್ತಿದ್ದಾಗ ಶಾಲೆಗೇ ಒಂದು ತಂತಿ ಬಂತು. ಆ ತಮ್ಮನ ಮಗನೇ ಕೊಟ್ಟಿದ್ದ. ಗಿರಿಜಮ್ಮ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ. ಮಕ್ಕಳ ಮುಂದೆ ನಿಂತುಕೊಂಡೇ ಅದನ್ನು ಮತ್ತೆ ಮತ್ತೆ ಓದಿದೆ. ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಒಂದು ಕೊಂಕು, ಒಂದು ಬೈಗುಳ, ಒಂದು ಹಿಡಿ ಶೇಂಗಾ ಎಲ್ಲಾದರೂ ಇದೆಯೇನೋ ಅಂತ. ಇರಲಿಲ್ಲ.